ರೆಡಿಮೇಡ್ ಎಂದರೆ ನಮ್ಮ ಭಾವನಿಗೆ ಆಗದು

ಕೋಳಿ ಸಾಕು ಎಂದು ಯಾರಾದರೂ ಹೇಳಿದ್ದರೆ ನಮ್ಮ ಭಾವ ಮೊದಲು ಮೊಟ್ಟೆಯನ್ನೂ ತಾನೇ ಇಡಲು ಕೂರುತ್ತಿದ್ದ!

ಭಾವನೆಂದರೆ ಅಕ್ಕನ ಗಂಡ. ಎಂಬತ್ತರ ದಶಕದ ಆರಂಭದಲ್ಲಿ ರಿಪ್ಪನ್‌ಪೇಟೆಯ ಬಸ್ ನಿಲ್ದಾಣದೆದುರು ಅವನದೊಂದು ರೇಡಿಯೋ ಅಂಗಡಿ. ನಾನು ಅಲ್ಲೇ ಮೇಷ್ಟ್ರು, ಊಟ ವಾಸವೆಲ್ಲ ಅಕ್ಕನ ಮನೆಯಲ್ಲಿ. ಹಾಗಾಗಿ ಸಂಜೆಹೊತ್ತು ಭಾವನ ಗಿರಾಕಿಗಳನ್ನು ಸಮಾಧಾನಪಡಿಸುವುದು ನನ್ನ ಪಾಲಿನ ಕರ್ಮ.

ಆ ಹೊತ್ತಿಗಾಗಲೇ ಶಿವಮೊಗ್ಗದಲ್ಲಿ ಆಂಪ್ಲಿಫೈಯರಿನ ಬೋರ್ಡು ಬೆಸುಗೆ ಸಮೇತ ಸಿದ್ಧವಾಗಿ ಸಿಗುತ್ತಿತ್ತು. ನಾಲ್ಕು ತಂತಿ ಜೋಡಿಸಿ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಸಾಗರದ ಅಂಗಡಿಯವರು ಹಾಗೆ ಮಾಡಿ, ಮಧ್ಯಾಹ್ನ ಒಂದು ನಿದ್ದೆಯನ್ನೂ ತೆಗೆಯುತ್ತಿದ್ದರು. ಭಾವ ಮಾತ್ರ ಕಾಯಿಲ್‌ಗೆ ತಂತಿ ಸುತ್ತುವುದರಿಂದಲೇ ಶುರು. ಯಾಕೆಂದರೆ, "ಯಾರೋ ಬೆಸೆದಿದ್ದನ್ನ ನಾ ಹ್ಯಾಂಗೆ ನಂಬ್ಲಿ?" ಎನ್ನುತ್ತಿದ್ದ. ಅವನು ಚಹಾಕ್ಕೆ ಅದ್ದುತ್ತಿದ್ದ ಬನ್ನನ್ನು ಬೇಯಿಸಿದವರು ಯಾರೋ!

ಬೋರ್ಡು ತಯಾರಿಸಲು ತಾಮ್ರ ತಿನ್ನುವ ದ್ರಾವಣ ಬೇಕು. ಅದನ್ನವನು ಅಕ್ಕನ ಅಲ್ಯುಮಿನಿಯಂ ಪಾತ್ರೆಗೆ ಸುರಿದ. ತಾಮ್ರಕ್ಕಿಂತ ಮೊದಲು ಪಾತ್ರೆಯ ತಳ ಹೋಯಿತು. ಅಕ್ಕ ಆ ತೂತಿನೊಳಗಿಂದ ಗಂಡನ ಮುಖ ನೋಡಿ, "ಇದನ್ನಾದ್ರೂ ಅಂಗಡಿಯಿಂದ ತರ್ತೀರಾ, ಇಲ್ಲ ನೀವೇ ಬಡೀತೀರಾ?" ಎಂದಳು.

ಹೊಸನಗರದವರೊಬ್ಬರು ಮಗಳ ಮದುವೆಗೆಂದು ಆಂಪ್ಲಿಫೈಯರ್ ಹೇಳಿದ್ದರು. ಮದುವೆ ಬರೀ ವಾಲಗದಲ್ಲೇ ಮುಗಿಯಿತು. ಆಂಪ್ಲಿಫೈಯರ್ ಹೋಗಿ ತಲುಪಿದ್ದು ಆ ಹುಡುಗಿಯ ಕೂಸಿನ ನಾಮಕರಣಕ್ಕೆ. ಕೂಸಿನ ಹೆಸರು ಊರಿಗೆಲ್ಲ ಸ್ಪಷ್ಟವಾಗಿ ಕೇಳಿಸಿತೆಂದು ಭಾವ ಬೀಗಿದ. ಇಂಥವನಿಗೆ ಏನು ಹೇಳುವುದು?

ತಾಳ್ಮೆಗೆಟ್ಟು ನಾನೇ ಒಂದು ಸಿದ್ಧ ಬೋರ್ಡು ತಂದುಕೊಟ್ಟೆ. ಮರುದಿನ ನೋಡಿದರೆ ಅದರ ಅಂಗಾಂಗಗಳನ್ನೆಲ್ಲ ಕಳಚಿ ಹಳೇ ಪೇಪರಿನ ಮೇಲೆ ಹರವಿಕೊಂಡು ಕೂತಿದ್ದಾನೆ! ಚೆನ್ನಾಗೇ ಮಾಡಿದ್ದಾರೆ ಎಂದು ಮೆಚ್ಚಿಕೊಂಡು ಮತ್ತೆ ಬೆಸೆದ. ಆಮೇಲೆ ಅದು ಮಾತಾಡಲಿಲ್ಲ. ಕೆಲವು ದಿನ ಅವನ ಜೊತೆ ನಾನೂ ಮಾತಾಡಲಿಲ್ಲ.

ಆ ವರ್ಷ ಅಕ್ಕನಿಗೆ ವಿಷಮಶೀತ ಜ್ವರ ಬಂತು. ಜ್ವರ ಇಳಿಯಿತು, ಆದರೆ ಕಿವಿ ಮಂದವಾಯಿತು. ತೀರ್ಥಹಳ್ಳಿಯ ಡಾಕ್ಟರು ಕಿವಿಗೆ ಯಂತ್ರ ಬೇಕೆಂದರು, ತರಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆಂದೂ ಹೇಳಿದರು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವಳು ಯಾರೊಂದಿಗೂ ಮಾತಿಲ್ಲದೆ ಅಡುಗೆಮನೆ ಸೇರಿದಳು. ಯಂತ್ರವನ್ನು ತಾನೇ ಮಾಡುತ್ತೇನೆಂದು ಭಾವ ಹೊರಟಾಗ ನನಗೆ ಅಳುವೇ ಬಂತು. ಇವನ ಯಂತ್ರ ಮುಗಿಯುವಷ್ಟರಲ್ಲಿ ಅಕ್ಕ ಮುದುಕಿಯಾಗಿರುತ್ತಾಳೆ!

ಅವನು ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋದ. ಬಂದಾಗ ಚೀಲದಲ್ಲಿ ಸಿದ್ಧ ಬೋರ್ಡು, ಸಿದ್ಧ ಮೈಕು, ಸಿದ್ಧ ಇಯರ್‌ಫೋನು. ಯಾವುದನ್ನೂ ಕಳಚಲಿಲ್ಲ. ಸೋಪಿನ ಡಬ್ಬಿಯೊಳಗೆ ಎಲ್ಲ ಜೋಡಿಸಿ, ದೀಪ ಹಚ್ಚುವ ಹೊತ್ತಿಗೆ ಎದ್ದು ನಿಂತ. ಬಿಚ್ಚಿ ನೋಡದೆ ಹೇಗೆ ನಂಬಿದೆ ಎಂದು ನಾನು ಕೇಳಿದೆ.

"ಅವಳು ಎಷ್ಟು ದಿನ ಅಂತ ಕಾಯ್ಬೇಕು ಮಾರಾಯ?" ಎಂದ.

ಅಕ್ಕನ ಕಿವಿಗೆ ಇಯರ್‌ಫೋನು ಸಿಕ್ಕಿಸಿ, ಡಬ್ಬಿಯನ್ನು ತನ್ನ ಬಾಯಿಯ ಹತ್ತಿರ ಹಿಡಿದು, ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಅವಳ ಹೆಸರು ಕರೆದ.

ಅಕ್ಕನ ಕಣ್ಣು ತುಂಬಿತು. "ಕೂಗ್ಬೇಡಿ, ಕೇಳ್ತದೆ" ಎಂದಳು.