ಬೀರುವಿನ ಹಿಂದಿನ ನಿರ್ಜನ ಪ್ರದೇಶ

ಸ್ವಂತ ಮನೆಯಲ್ಲಿ ಒಂದು ಕುರ್ಚಿ ಸರಿಸಬೇಕೆಂದರೂ ಗಂಡನ ಅಪ್ಪಣೆಗೆ ಕಾಯಬೇಕಾದ ಹೆಂಗಸು ಈ ಕಾಲದಲ್ಲೂ ಇದ್ದಾಳೆಂದರೆ ಯಾರೂ ನಂಬಲಿಕ್ಕಿಲ್ಲ. ಹಾಗೆಂದು ಗಂಡ ದರ್ಪದ ಮನುಷ್ಯನೇನಲ್ಲ. ಜಿರಳೆ ಕಂಡರೆ ಮೇಜು ಹತ್ತುವ ಸಾಧು ಪ್ರಾಣಿ. ಆದರೆ ಅವರು ಕಾದಂಬರಿಕಾರರು, ಅದರಲ್ಲೂ ಮಾಯಾಲೋಕದ ಕಾದಂಬರಿಕಾರರು. ರೆಕ್ಕೆಯ ಸರ್ಪ, ಮಾತಾಡುವ ಕತ್ತಿ, ಶಾಪ ತಗುಲಿದ ರಾಜಕುಮಾರ, ಇವರೆಲ್ಲರ ಯೋಗಕ್ಷೇಮ ಅವರ ತಲೆಯ ಮೇಲಿತ್ತು. ಹಾಗಾಗಿ ಮನೆಯಲ್ಲಿ ಅವರಿಗೆ ‘ಚಕ್ರವರ್ತಿಗಳು’ ಎಂದು ಬಿರುದು. ಕೊಟ್ಟವಳು ಹೆಂಡತಿ. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಅವರು ಎಂದೂ ವಿಚಾರಿಸಲು ಹೋಗಿರಲಿಲ್ಲ.

ಮೊದಲ ಸಂಪುಟ ಬರೆಯುವಾಗ ಅವರಿಗೊಂದು ತೊಡಕು ಎದುರಾಗಿತ್ತು. ಸೈನ್ಯ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತೆಂಬುದು ಅವರಿಗೇ ಮರೆತುಹೋಗುತ್ತಿತ್ತು. ಊಟಕ್ಕೆ ಮುಂಚೆ ಎಡಕ್ಕೆ ಹರಿಯುತ್ತಿದ್ದ ನದಿ ಊಟವಾದ ಮೇಲೆ ಬಲಕ್ಕೆ ಹರಿಯುತ್ತಿತ್ತು. ಆಗ ಹೊಳೆದದ್ದು ಒಂದು ಮಹಾ ಉಪಾಯ: ಮನೆಯ ಹಾಲನ್ನೇ (ಕುಡಿಯುವ ಹಾಲಲ್ಲ, ಕೂರುವ ಹಾಲು) ಸಾಮ್ರಾಜ್ಯವೆಂದುಕೊಂಡುಬಿಡುವುದು! ಫ್ರಿಜ್ಜು ಹಿಮಶಿಖರವಾಯಿತು. ಸದಾ ತೊಟ್ಟಿಕ್ಕುವ ಸಿಂಕು ಕಣ್ಣೀರಿನ ಸರೋವರ. ಊಟದ ಮೇಜು ರಣರಂಗ. ಮಂಚಕ್ಕಿಂತ ದೊಡ್ಡದಾದ ಕಬ್ಬಿಣದ ಬೀರು ವಜ್ರಗಿರಿ. ಕಿಟಕಿಯ ಪಕ್ಕ, ಬೆಳಕು ಗಾಳಿ ಎರಡೂ ಧಾರಾಳವಾಗಿ ಬರುವ ಕಡೆ, ತಾವು ಬರೆಯುವ ಮೇಜಿತ್ತಲ್ಲ, ಅದು ರಾಜಧಾನಿ ಸುವರ್ಣಪುರಿ. (ಬೇರೇನಾಗಲು ಸಾಧ್ಯ?)

ಅಂದಿನಿಂದ ಮನೆಯ ಸಾಮಾನು ಅಲುಗಾಡಿಸುವಂತಿಲ್ಲ ಎಂಬ ರಾಜಾಜ್ಞೆ ಜಾರಿಯಾಯಿತು.

ಇದರ ಪೆಟ್ಟು ಬಿದ್ದದ್ದು ಹೆಂಡತಿಗೆ. ಅವಳು ದರ್ಜಿ, ಶಾಲೆಯ ಯೂನಿಫಾರ್ಮು, ಕಿಟಕಿಯ ಪರದೆ ಹೊಲಿದು ಕೊಡುವವಳು. ಈ ಮನೆಗೆ ಬಂದ ದಿನ ಅವಳ ಹೊಲಿಗೆ ಮೆಷಿನ್ನನ್ನು ‘ಸದ್ಯಕ್ಕೆ ಇಲ್ಲಿರಲಿ’ ಎಂದು ಬೀರುವಿನ ಹಿಂದಿನ ಮೂಲೆಗೆ ತಳ್ಳಿದ್ದರು. ಸದ್ಯವೇ ಶಾಶ್ವತವಾಯಿತು. ಕಿಟಕಿಯ ಬೆಳಕನ್ನೆಲ್ಲ ಬೀರು ನುಂಗಿ ಕೂರುತ್ತಿತ್ತು. ನಡುಹಗಲಲ್ಲೂ ಬಲ್ಬು ಹಾಕಿಕೊಂಡು, ಸೂಜಿಯ ಕಣ್ಣನ್ನು ಮೂಗಿನ ತುದಿಗೆ ಹಿಡಿದು ದಾರ ಪೋಣಿಸಬೇಕು. ಒಮ್ಮೆ ನೀಲಿ ಸ್ಕರ್ಟುಗಳಿಗೆಲ್ಲ ಕಪ್ಪು ದಾರದಲ್ಲಿ ಅಂಚು ಹೊಲಿದು, ಬಾಗಿಲಿಗೆ ಬಂದು ನೋಡಿ, ಅಲ್ಲೇ ಕೂತು ಅಷ್ಟನ್ನೂ ಬಿಚ್ಚಿದ್ದಳು.

“ರೀ, ಈ ಬೀರು ಒಂದು ಮೊಳ ಆಚೆ ಸರಿಸೋಣ.”

“ವಜ್ರಗಿರಿನಾ? ಅದು ಸರಿದ್ರೆ ಉತ್ತರದ ಸೈನ್ಯ ಸುತ್ತು ಹಾಕ್ಕೊಂಡು ಬರಬೇಕಾಗತ್ತೆ ಕಣೇ. ಅಷ್ಟರಲ್ಲಿ ರಾಜಕುಮಾರನ ತಲೆ ಹೋಗಿರತ್ತೆ.”

“ಹೋದ್ರೆ ಹೋಗ್ಲಿ. ಇಲ್ಲಿ ನನ್ನ ಕಣ್ಣು ಹೋಗ್ತಿದೆ.”

“ಈ ಸಂಪುಟ ಒಂದು ಮುಗೀಲಿ.”

ಈ ಮಾತಿನ ಮೇಲೆ ಎರಡು ಸಂಪುಟ ಮುಗಿದು ಮೂರನೆಯದು ಮುಗಿಯುವ ಹಂತಕ್ಕೆ ಬಂದಿತ್ತು.

ಹೀಗಿರುವಾಗ ಪ್ರಕಾಶಕರ ಫೋನು ಬಂತು. ಮೊದಲ ಸಂಪುಟದ ಪ್ರತಿಗಳು ಕೊನೆಗೂ ಖರ್ಚಾಗಿವೆ, ಮೂರನೆಯದರ ಜೊತೆಗೇ ಅದರ ಮರುಮುದ್ರಣ ತರೋಣ, ಈ ಸಲ ಎರಡಕ್ಕೂ ಸಾಮ್ರಾಜ್ಯದ ನಕ್ಷೆಯೊಂದನ್ನು ಹಾಕೋಣ ಎಂದರು. ಮರುಮುದ್ರಣ! ಚಕ್ರವರ್ತಿಗಳು ಟವೆಲನ್ನು ತಲೆಗೆ ಸುತ್ತಿಕೊಂಡು ರಣರಂಗದ ಸುತ್ತ ಒಂದು ಪ್ರದಕ್ಷಿಣೆ ಬಂದರು. ಆಮೇಲೆ ನಾಲಿಗೆ ಕಚ್ಚಿಕೊಂಡು ಸಂಜೆಯವರೆಗೆ ಕೂತು ನಕ್ಷೆ ಬರೆದು, ಹೆಂಡತಿಯನ್ನೂ ತಾಯಿಯನ್ನೂ ಕರೆದು ತೋರಿಸಿದರು.

ತಾಯಿ ಮೊದಲು ಹುಡುಕಿದ್ದು ತಮ್ಮ ಆರಾಮಕುರ್ಚಿಯನ್ನು. “ಪಾಳು ಗೋಪುರ ಅಂತ ಬರ್ದಿದ್ದೀಯಲ್ಲೋ! ಬರೀ ಗೋಪುರ ಅಂದಿದ್ರೆ ಏನು ಗಂಟು ಹೋಗ್ತಿತ್ತು?”

ಹೆಂಡತಿ ನಗುತ್ತಲೇ ಬೆರಳಾಡಿಸುತ್ತ ಬಂದಳು. ಹಿಮಶಿಖರ, ಸರೋವರ, ವಜ್ರಗಿರಿ. ವಜ್ರಗಿರಿಯ ಹಿಂದೆ ಬೆರಳು ನಿಂತಿತು.

“ಇದು ನನ್ನ ಮೆಷಿನ್ ಇರೋ ಮೂಲೆ ಅಲ್ವಾ?”

“ಹೂಂ, ಯಾಕೆ?”

“‘ನಿರ್ಜನ ಪ್ರದೇಶ’ ಅಂತ ಬರ್ದಿದ್ದೀರಿ.”

“ಕತೆಗೊಂದು ಖಾಲಿ ಜಾಗ ಬೇಕಿತ್ತು ಕಣೇ.”

“ನೀವು ಬರೀತಾ ಇರುವಾಗ ನಾನು ಅಲ್ಲೇ ಹೊಲೀತಾ ಇರ್ತೀನಲ್ಲ. ಮೆಷಿನ್ ಸದ್ದೂ ಕೇಳಿಸ್ತಿರಲಿಲ್ವಾ?”

“ಕೇಳಿಸದೇ ಏನು? ಅದನ್ನೇ ಗಾಳಿ ಮಾಡಿದ್ದೀನಿ! ‘ಅಲ್ಲಿ ನರಪಿಳ್ಳೆಯೂ ಇಲ್ಲ, ಗಾಳಿಯೊಂದೇ ಟಕಟಕನೆ ಹಲ್ಲು ಕಡಿಯುತ್ತದೆ.’ ಓದುಗರು ಎಷ್ಟು ಮೆಚ್ಚಿದ ಸಾಲು ಗೊತ್ತಾ ಅದು?”

ಅವಳು ನಕ್ಷೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಚಕ್ರವರ್ತಿಗಳಿಗೆ ಅವಳ ಜಗಳ ಗೊತ್ತು, ಗೊಣಗಾಟ ಗೊತ್ತು, ಪಾತ್ರೆ ಕುಕ್ಕುವುದೂ ಗೊತ್ತು. ಈ ಮೌನ ಮಾತ್ರ ಹೊಸದು. ಅಮ್ಮನ ಕಡೆ ನೋಡಿದರೆ ಅಮ್ಮ ಮುಖ ತಿರುಗಿಸಿದರು.

ಮಾರನೆಯ ದಿನ ನಕ್ಷೆ ಕೊಟ್ಟು ಬರಲು ಪ್ರಕಾಶಕರ ಕಚೇರಿಗೆ ಹೋದರು. ಕಚೇರಿಯೆಂದರೆ ಒಂದೇ ಕೋಣೆ. ಪ್ರಕಾಶಕರೇ ಕರಡು ತಿದ್ದುವವರು, ಪಾರ್ಸಲ್ ಕಟ್ಟುವವರೂ ಅವರೇ. ನಕ್ಷೆ ಅವರಿಗೆ ಹಿಡಿಸಿತು. ಖುಷಿಯಲ್ಲಿ ಮನೆಗೆ ಬಂದ ಚಕ್ರವರ್ತಿಗಳು ಚಪ್ಪಲಿ ಬಿಟ್ಟವರೇ ರೂಢಿಯಂತೆ ನೇರ ರಾಜಧಾನಿಗೆ ಹೋಗಿ ಕೂತರು.

ಕೂತದ್ದು ಗುಂಡುಸೂಜಿಯ ದಿಂಬಿನ ಮೇಲೆ.

ಅವರ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಸುವರ್ಣಪುರಿ ಇದ್ದ ಕಡೆ ಹೊಲಿಗೆ ಮೆಷಿನ್ನು ಬಿಸಿಲು ಕಾಯಿಸುತ್ತ ನಿಂತಿತ್ತು.

“ನನ್ನ ಮೇಜೆಲ್ಲಿ?”

“ಭೂಕಂಪ ಆಯ್ತು ಕಣೋ,” ಎಂದರು ತಾಯಿ ಪಾಳು ಗೋಪುರದಿಂದ. “ನಾವಿಬ್ಬರೇ ಸೇರಿ ಮಾಡಿದ್ವಿ. ಕಾಲಿನಡಿಗೆ ಹಳೇ ಕಂಬಳಿ ಹಾಕಿ ಎಳೆದ್ರೆ ಸರಾಗವಾಗಿ ಬಂತು ನೋಡು.”

“ನಿಮ್ಮ ಬೆಟ್ಟಾನ ಮುಟ್ಟಿಲ್ಲ,” ಎಂದಳು ಹೆಂಡತಿ, ಕಿಟಕಿಯ ಬೆಳಕಿಗೆ ಸೂಜಿ ಹಿಡಿದು. ಒಂದೇ ಸಲಕ್ಕೆ ದಾರ ಪೋಣಿಸಿದಳು. “ಸೈನ್ಯಕ್ಕೇನೂ ತೊಂದರೆ ಇಲ್ಲ. ನೀವು ಆ ಮೂಲೆಗೆ ಹೋಗಿ ಬರ್ಕೊಳ್ಳಿ. ಅಲ್ಲಿ ಯಾರೂ ಇರಲ್ಲವಂತೆ, ಪ್ರಶಾಂತವಾಗಿರತ್ತೆ.”

ಚಕ್ರವರ್ತಿಗಳು ಮುನಿಸಿಕೊಂಡು ವಜ್ರಗಿರಿಯ ಹಿಂದೆ ಹೋಗಿ ಕೂತರು. ಬಲ್ಬು ಹಾಕಿದರೆ ತಮ್ಮ ತಲೆಯ ನೆರಳೇ ಹಾಳೆಯ ಮೇಲೆ ಬೀಳುತ್ತಿತ್ತು. ಬರೆದ ಸಾಲಿನ ಮೇಲೇ ಇನ್ನೊಂದು ಸಾಲು ಬರೆದರು. ಪೆನ್ನಿನ ಟೊಪ್ಪಿ ಬಿದ್ದರೆ ತಡಕಾಡಬೇಕು. ಹಾಗೆ ತಡಕಾಡುವಾಗ ಕೈಗೆ ದಾರದ ತುಂಡುಗಳು ಸಿಕ್ಕವು. ನೀಲಿಯೋ ಕಪ್ಪೋ ಎಂದು ಕಣ್ಣಿಗೆ ಹತ್ತಿರ ಹಿಡಿದರೂ ತಿಳಿಯಲಿಲ್ಲ. ಅವರು ಅವನ್ನು ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟರು. ಗಾಳಿಗೆ ಹಲ್ಲು ಕೊಟ್ಟವರು, ಕತ್ತಿಗೆ ಬಾಯಿ ಕೊಟ್ಟವರು, ನಾಲ್ಕು ಹೆಜ್ಜೆ ಆಚೆ ಕೂತ ಹೆಂಡತಿಗೆ ಒಂದಿಷ್ಟು ಬೆಳಕನ್ನೂ ಕೊಟ್ಟಿರಲಿಲ್ಲ. ಅವರಿಗೆ ನಿಜವಾಗಿ ನಾಚಿಕೆಯಾಯಿತು.

ಎದ್ದು ಪ್ರಕಾಶಕರಿಗೆ ಫೋನು ಮಾಡಿದರು. “ಆ ನಿರ್ಜನ ಪ್ರದೇಶ ಅನ್ನೋದನ್ನ ತೆಗೆದುಬಿಡಿ.”

“ಅಯ್ಯೋ, ಮೊದಲ ಸಂಪುಟದ ತುಂಬ ಅದೇ ಹೆಸರಿದೆಯಲ್ಲ ಸಾರ್. ನಕ್ಷೆಯಲ್ಲಿ ಬದಲಾಯಿಸಿದ್ರೆ ಓದುಗರು ನನ್ನ ಜುಟ್ಟು ಹಿಡೀತಾರೆ.”

ನಕ್ಷೆ ಹಾಗೇ ಉಳಿಯಿತು. ಆದರೆ ಮೂರನೆಯ ಸಂಪುಟದ ಕೊನೆಯ ಅಧ್ಯಾಯ ಇನ್ನೂ ಅವರ ಕೈಯಲ್ಲಿತ್ತು. ಅದನ್ನು ಹರಿದುಹಾಕಿ, ಆ ಮೂಲೆಯಲ್ಲೇ ಕಣ್ಣು ಕಿರಿದು ಮಾಡಿಕೊಂಡು ಹೊಸದಾಗಿ ಬರೆದು, ಕಿಟಕಿಯ ಬಳಿ ಹೋಗಿ ನಿಂತು ಓದಿದರು: “ನಿರ್ಜನ ಪ್ರದೇಶದಲ್ಲಿ ಮೊದಲಿನಿಂದಲೂ ಒಬ್ಬಳು ಇದ್ದಳು. ಇಡೀ ಸೈನ್ಯದ ಅಂಗಿಗಳನ್ನು ಹೊಲಿದವಳು ಅವಳೇ. ದಾರಿಹೋಕರು ಅವಳ ಕೆಲಸದ ಸದ್ದು ಕೇಳಿ ಗಾಳಿಯೆಂದುಕೊಂಡು ಹೋದರು. ದೀಪ ಎತ್ತಿ ನೋಡಿದವರಿಲ್ಲ.”

ಮೆಷಿನ್ನಿನ ಸದ್ದು ನಿಂತಿತು. ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಒರೆಸಿದ್ದು ಕನ್ನಡಕವನ್ನು ಮಾತ್ರವಲ್ಲ.

“ಚೆನ್ನಾಗಿದೆ,” ಎಂದಳು. “ಆ ದಾರಿಹೋಕರಲ್ಲಿ ನೀವು ಯಾರು?”

“ಎಲ್ಲಾರೂ,” ಎಂದರು ಚಕ್ರವರ್ತಿಗಳು ತಲೆ ತಗ್ಗಿಸಿ.

ಅವಳು ನಕ್ಕಳು. ಮನೆಗೆ ಮತ್ತೆ ಮಾತು ಬಂತು. ಇನ್ನೇನು ಎಲ್ಲ ಮೊದಲಿನಂತಾಯಿತು, ಮೇಜು ಕಿಟಕಿಯ ಕಡೆ ಮರಳುವುದೊಂದೇ ಬಾಕಿ ಎಂದು ಅವರು ಒಳಗೊಳಗೇ ಮಂಡಿಗೆ ಮೆಲ್ಲುತ್ತಿದ್ದರು.

ಅಷ್ಟರಲ್ಲಿ ಪ್ರಕಾಶಕರು ಹಿಂಬದಿಯ ಹೊದಿಕೆಗೆ ಲೇಖಕರ ಫೋಟೋ ಬೇಕೆಂದರು. ಬರೆಯುವ ಮೇಜಿನ ಮುಂದೆ ಕೂತದ್ದೇ ಆಗಬೇಕು. ಚಕ್ರವರ್ತಿಗಳು ಇಸ್ತ್ರಿ ಅಂಗಿ ತೊಟ್ಟು, ಗಲ್ಲಕ್ಕೆ ಕೈಕೊಟ್ಟು, ಮೂಲೆಯಲ್ಲಿ ಗಂಭೀರವಾಗಿ ಕೂತರು. ಹೆಂಡತಿ ಮೊಬೈಲಿನಲ್ಲಿ ತೆಗೆದು ಕಳಿಸಿದಳು. ಕೂಡಲೇ ಫೋನು ಬಂತು.

“ಸಾರ್, ಫೋಟೋ ತುಂಬ ಕತ್ತಲೆ, ಒಂದು ಬೀರುವಿನ ಬೆನ್ನು ಮಾತ್ರ ಕಾಣ್ತಿದೆ. ಅಲ್ಲಿ ಯಾರೂ ಇಲ್ಲವಲ್ಲ?”

ಪಾಳು ಗೋಪುರದಲ್ಲಿ ನಕ್ಕ ಸದ್ದಾಯಿತು. ಚಕ್ರವರ್ತಿಗಳು ಫೋನಿಟ್ಟು, ಮೆಷಿನ್ನಿನ ಹತ್ತಿರ ಬಂದು, ಗಂಟಲು ಸರಿಮಾಡಿಕೊಂಡರು.

“ಲೇ, ಆ ಬೀರು ಒಂದು ಮೊಳ ಆಚೆ ಸರಿಸೋಣ್ವಾ?”

“ವಜ್ರಗಿರಿನಾ?” ಅವಳು ಮೆಷಿನ್ ತುಳಿಯುವುದನ್ನು ನಿಲ್ಲಿಸದೆ, ಪಕ್ಕದಲ್ಲಿ ಬೆಟ್ಟದಂತೆ ಬಿದ್ದಿದ್ದ ನೀಲಿ ಸ್ಕರ್ಟುಗಳ ಕಡೆ ಕೈ ತೋರಿಸಿದಳು. “ಈ ಸಂಪುಟ ಒಂದು ಮುಗೀಲಿ.”