ಫಾಲ್ಸ್ ಸೀಲಿಂಗಿನ ಕೆಳಗೊಬ್ಬ ನಟ

ನಟನೆಯನ್ನು ಪುಸ್ತಕ ಓದಿ ಕಲಿಯಬಹುದೆಂದು ಇಪ್ಪತ್ತು ವರ್ಷ ನಂಬಿಕೊಂಡು ಕೂತ ಮೂರ್ಖ ಈ ಭೂಮಿಯ ಮೇಲೆ ಒಬ್ಬನೇ ಇದ್ದರೆ ಅದು ನಾನು. ಕೆಜಿಎಫ್‌ನ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಕಾಯುವುದು ನನ್ನ ಕೆಲಸ. ತುಮಕೂರು ಕಡೆಯಿಂದ ಬಂದು ಇಲ್ಲೇ ಬೇರು ಬಿಟ್ಟವನು. ಭಾನುವಾರ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಕೆದಕಿ, ವಾಪಸು ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಅರ್ಧ ಓದಿ ಮುಗಿಸುವುದು ನನ್ನ ಏಕೈಕ ಚಟ. ಅಭಿನಯ, ಸಿನಿಮಾ ತಯಾರಿಕೆ, ಚಿತ್ರಕಲೆ, ಗೃಹಾಲಂಕಾರ: ಈ ನಾಲ್ಕು ಬಿಟ್ಟು ಐದನೆಯದನ್ನು ಮುಟ್ಟಿದವನಲ್ಲ. ಒಮ್ಮೆ ರೈಲಿನಲ್ಲೇ ಅಳುವ ಅಧ್ಯಾಯವನ್ನು ಅಭ್ಯಾಸ ಮಾಡುತ್ತಿದ್ದಾಗ ಕಾಮಸಮುದ್ರದ ಕಡೆಯ ಹೆಂಗಸೊಬ್ಬಳು, “ಯಾಕಣ್ಣಾ, ಮನೇಲಿ ಯಾರಾನ ಓಗ್ಬಿಟ್ರಾ?” ಎಂದು ಮರುಗಿ ಒಂದು ಹಿಡಿ ಕಡಲೆಕಾಯಿ ಕೊಟ್ಟಳು. ನನ್ನ ಕಲೆಗೆ ಈವರೆಗೆ ಸಿಕ್ಕಿರುವ ಪ್ರಶಸ್ತಿ ಅದೊಂದೇ. ತಿಂದು ಪುಟ ತಿರುವಿದೆ.

ನಿವೃತ್ತಿಯೊಳಗೆ ಒಂದು ಸಲ, ಒಂದೇ ಸಲ, ಪರದೆಯ ಮೇಲೆ ನನ್ನ ಮುಖ ಬರಬೇಕು. ಇದು ನನ್ನ ಆಸೆ. ಹೆಂಡತಿ ಸುಮಿತ್ರೆಗೆ ಬಿಟ್ಟರೆ ಇನ್ನಾರಿಗೂ ಹೇಳಿದವನಲ್ಲ. ಅವಳೂ ನಗದೆ ಕೇಳಿದ್ದಳು, ಪಾಪ. ಹೀಗಿರುವಾಗ ಸಿನಿಮಾದವರ ಕಡೆಯ ಒಬ್ಬ ಮನುಷ್ಯ ಮನೆಗಳನ್ನು ಹುಡುಕುತ್ತ ಕೆಜಿಎಫ್‌ನ ನಮ್ಮ ಬಡಾವಣೆ ಚಾಂಪಿಯನ್ ರೀಫ್ಸಿಗೆ ಬಂದ. ನಾವಿರುವುದು ಗಣಿ ಕಾಲದ ಹಳೆಯ ಮನೆ. ತಗಡಿನ ಸೂರು, ಹೊಗೆ ಹಿಡಿದ ಗೋಡೆ. ಎಲ್ಲದರ ಫೋಟೋ ತೆಗೆದುಕೊಂಡು, “ಎರಡು ತಿಂಗಳು ಬಿಟ್ಟು ಬರ್ತೀವಿ ಸಾರ್, ನಿಮಗೂ ಒಂದು ಪಾತ್ರ ಕೊಡೋಣ” ಎಂದು ಹೋದ.

ಆ ಎರಡು ತಿಂಗಳಲ್ಲಿ ಬುದ್ಧಿಯಿರುವವನು ಸುಮ್ಮನೆ ಕೂರುತ್ತಿದ್ದ. ನಾನು ಗೃಹಾಲಂಕಾರದ ಪುಸ್ತಕ ತೆರೆದೆ. ಬಂಗಾರಪೇಟೆಯಿಂದ ಕೆಲಸದವರನ್ನು ಕರೆಸಿ, ತಗಡು ಕಾಣದಂತೆ ಫಾಲ್ಸ್ ಸೀಲಿಂಗ್ ಹಾಕಿಸಿದೆ, ಗೋಡೆಗೆ ಬೂದಿ ಬಣ್ಣ ಬಳಿಸಿದೆ. “ಅವರಿಗೆ ಹಿಡಿಸಿದ್ದು ಹಳೇದಲ್ವೇನ್ರೀ?” ಎಂದಳು ಸುಮಿತ್ರೆ. ಪುಸ್ತಕದ ಚಿತ್ರ ತೋರಿಸಿ ಅವಳ ಬಾಯಿ ಮುಚ್ಚಿಸಿದೆ.

ಹೊಸ ಸೀಲಿಂಗ್ ನೋಡಲು ಮೊದಲು ಬಂದವರು ಪಕ್ಕದ ಮನೆಯ ಆರ್ಮುಗಂ ತಾತ. ಗಣಿ ಮುಚ್ಚುವವರೆಗೂ ಪಾತಾಳದಲ್ಲಿ ದುಡಿದವರು. ಗಣಿಯೊಳಗೆ ಹೊಸ ಜಾಗಕ್ಕೆ ಕಾಲಿಡುವ ಮುಂಚೆ ಮೇಲಿನ ಬಂಡೆಗೆ ಸಲಾಕೆಯಿಂದ ಬಡಿದು ಸದ್ದು ಕೇಳುತ್ತಿದ್ದರಂತೆ. ಗಟ್ಟಿ ಸದ್ದು ಬಂದರೆ ಸರಿ, ಪೊಳ್ಳು ಸದ್ದು ಬಂದರೆ ಬಂಡೆ ಬೀಳುತ್ತದೆ. ತಾತನಿಗೆ ಆ ಅಭ್ಯಾಸ ಇನ್ನೂ ಹೋಗಿಲ್ಲ. ಬ್ಯಾಂಕಿಗೆ ಹೋದರೂ ಬಾಗಿಲ ಚೌಕಟ್ಟಿಗೆ ಕೋಲಿನಿಂದ ಒಂದು ತಟ್ಟು ತಟ್ಟುತ್ತಾರೆ. ನಮ್ಮ ನಡುಮನೆಯಲ್ಲೂ ಕೋಲೆತ್ತಿ ಸೀಲಿಂಗಿಗೆ ತಟ್ಟಿದರು. ಡಬ್ ಎಂದಿತು. ತಾತನ ಮುಖ ಬಿಳುಚಿಕೊಂಡಿತು. “ಸೌಂಡು ಸರಿಯಿಲ್ಲ ಸಾರ್, ಪೊಳ್ಳು. ಇಲ್ಲಿ ಕುಂತ್ಕಬ್ಯಾಡಿ, ಈ ಕಡೆ ಬನ್ನಿ” ಎಂದು ನನ್ನ ಕೈ ಹಿಡಿದು ಎಳೆದರು. ಕೋಲಿನ ತುದಿಯ ಕರಿ ಗುರುತು ಹೊಸ ಬಿಳುಪಿನ ಮೇಲೆ ಕಾಸಗಲ ಕೂತಿತ್ತು. ನಾನು ಕೈ ಕಿತ್ತುಕೊಂಡು, “ನಿಮಗೇನು ಗೊತ್ತಾಗುತ್ತೆ ತಾತ ಇದೆಲ್ಲ” ಎಂದು ರೇಗಿ, ಒದ್ದೆ ಬಟ್ಟೆ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅವರು ಹೋಗಿದ್ದರು.

ಸಿನಿಮಾದವರು ಬಂದರು. ನಿರ್ದೇಶಕ ಹೊಸ್ತಿಲಲ್ಲೇ ನಿಂತು ಮೇಲೆ ನೋಡಿದ, ಕೈಯಲ್ಲಿದ್ದ ಫೋಟೋ ನೋಡಿದ, ನನ್ನನ್ನು ನೋಡಿದ. “ಯಾರ್ರೀ ಈ ಮನೆ ಹಾಳು ಮಾಡಿದ್ದು?” ಎಂದ. ಹಾಳು ಮಾಡಿದವನು ಹಲ್ಲು ಕಿರಿದು ಎದುರಿಗೇ ನಿಂತಿದ್ದ. ಅವರು ಪಕ್ಕದ ಮನೆಗೆ ಹೋದರು. ತಾತನ ಗೋಡೆ ಸುಣ್ಣ ಕಂಡು ವರ್ಷಗಳಾಗಿದ್ದವು, ಅದೇ ಅವರಿಗೆ ಬೇಕಿತ್ತು. ನನಗೆ ಕೊಟ್ಟ ಮಾತನ್ನು ಮಾತ್ರ ಅವರು ಮರೆಯಲಿಲ್ಲ: ಗುಂಪಿನಲ್ಲಿ ನಿಲ್ಲಿಸಿದರು, ಕ್ಯಾಮೆರಾಗೆ ಬೆನ್ನು ಹಾಕಿ.

ಮುದುಕ ಗಣಿಕಾರ್ಮಿಕನ ವೇಷ ತೊಟ್ಟವನು ಬೆಂಗಳೂರಿನ ನಟ. ಕೆಲಸ ಮುಗಿಸಿ ಮನೆಗೆ ಬರುವ ದೃಶ್ಯಕ್ಕೆ ನಾಲ್ಕು ಸಲ ಒಳಗೆ ಬಂದ, ನಾಲ್ಕು ಸಲವೂ ಸರಿಹೋಗಲಿಲ್ಲ. ಬೇಸತ್ತ ನಿರ್ದೇಶಕ, “ತಾತ, ನೀವೇ ಒಂದ್ಸಲ ಒಳಗೆ ಬನ್ನಿ” ಎಂದ. ಆರ್ಮುಗಂ ತಾತ ಬಂದರು. ಕೋಲೆತ್ತಿ ಸೂರಿನ ತೊಲೆಗೆ ತಟ್ಟಿದರು, ಕಿವಿಗೊಟ್ಟರು. ಎದುರಿಗಿದ್ದ ಹುಡುಗ ನಟನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. ಲೈಟು ಹಿಡಿದವನೂ ಕೆಲಸ ಬಿಟ್ಟು ಅತ್ತಲೇ ನೋಡಿದ. ನಾನೂ ತಿರುಗಿ ನೋಡಿದೆ. ಬೆನ್ನು ಹಾಕಲು ಬಂದವನು ತಿರುಗಿದ್ದಕ್ಕೆ ಬೈಸಿಕೊಂಡೆ. ಇದನ್ನೆಲ್ಲಿ ಕಲಿತಿರಿ ಎಂದು ನಿರ್ದೇಶಕ ತಾತನನ್ನು ಕೇಳಿದ.

“ಕಲಿಯೋದೇನು ಸಾರ್. ನಮ್ ಜೊತೆಗಾರ ಮಾಣಿಕ್ಯಂ, ನಾನು ತಟ್ಟಿ ಯೋಳ್ದೆ, ಬಾರೋ ಈ ಕಡೆ ಅಂತ. ಕೈ ಕಿತ್ಕೊಂಡ. ಕಲ್ಲು ಬಂದ್ಬುಡ್ತು” ಎಂದರು ತಾತ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಆ ಪಾತ್ರ ತಾತನಿಗೇ ಹೋಯಿತು. ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಉರಿಯಿತು. ಅದು ಆರಿದ ಮೇಲೆ ಉಳಿದದ್ದು ನಾಚಿಕೆ, ಅದು ಇನ್ನೂ ಇದೆ. ಸೀಲಿಂಗಿನ ಕರಿ ಗುರುತು ಎಷ್ಟು ಉಜ್ಜಿದರೂ ಹೋಗಲಿಲ್ಲ. ಅದರ ಕೆಳಗೇ ಕುರ್ಚಿ ಹಾಕಿಕೊಂಡು ಅಭಿನಯದ ಪುಸ್ತಕ ತೆರೆದೆ. ಎದುರಿಗಿರುವವನನ್ನು ಗಮನವಿಟ್ಟು ನೋಡುವುದೇ ನಟನ ಮೊದಲ ಪಾಠ ಎಂಬ ಅರ್ಥ ಬರುವ ಸಾಲುಗಳಿಗೆ ಎಂದೋ ಕೆಂಪು ಪೆನ್ಸಿಲಿನಲ್ಲಿ ಎರಡೆರಡು ಗೆರೆ ಎಳೆದಿದ್ದೇನೆ. ತಾತ ನನ್ನ ಕೈ ಹಿಡಿದಾಗ ನಾನು ನೋಡುತ್ತಿದ್ದದ್ದು ಸೀಲಿಂಗನ್ನು.