ಮುಳ್ಳಿಲ್ಲದ ಗಾಳ

ಪಾರಿಸಪ್ಪನ ಪಾರ್ಸಲ್ಲು ಪಾರಿಸಪ್ಪನ ಕೈಗೆ ಬರುವ ಮೊದಲು ರಾಜಮತಿಯ ಕೈಗೆ ಬಂತು. ಅದರಲ್ಲಿ ಹೊಸತೇನೂ ಇರಲಿಲ್ಲ. ಬನಹಟ್ಟಿಯ ಆ ಓಣಿಯಲ್ಲಿ ಮೊದಲ ಮನೆ ರಾಜಮತಿಯದು, ಆದ್ದರಿಂದ ಮೊದಲ ಕತ್ತರಿಯೂ ಆಕೆಯದೇ. ಯಾರ ಹೆಸರಿಗೆ ಏನು ಬಂದರೂ ಆಕೆ ಬಿಚ್ಚಿ, ನೋಡಿ, ಮುಟ್ಟಿ, ಆಮೇಲೆ ತಾನೇ ಒಯ್ದು ಕೊಡುತ್ತಿದ್ದಳು. ಬಿಚ್ಚದೆ ಕೊಟ್ಟರೆ ಒಳಗಿನದು ಒಡೆದಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ ಎಂಬುದು ಆಕೆಯ ನ್ಯಾಯ.

ಆದರೆ ಈ ಸಲ ಒಳಗಿದ್ದದ್ದು ಮೀನು ಹಿಡಿಯುವ ಸಾಮಾನು, ಓಣಿ ಜೈನರ ಓಣಿ. ಅಲ್ಲಿ ಉಳ್ಳಾಗಡ್ಡಿ ತಿನ್ನುವವರೂ ಬಾಗಿಲು ಮುಚ್ಚಿಕೊಂಡು ತಿನ್ನುತ್ತಾರೆ.

ಪಾರಿಸಪ್ಪ ಕೆಟ್ಟವನಲ್ಲ. ನೂಲಿನ ಅಂಗಡಿಯಲ್ಲಿ ಇಪ್ಪತ್ತೈದು ವರ್ಷ ತೂಕ ಮಾಡಿದವನು. ಕಣ್ಣು ಮುಚ್ಚಿ ಎರಡು ಬೆರಳಲ್ಲಿ ತಿಕ್ಕಿ ಎಳೆ ಎಷ್ಟನೆಯ ನಂಬರಿನದೆಂದು ಹೇಳಬಲ್ಲವನು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸಂಜೆ ಮನೆಗೆ ಬಂದು ಒಬ್ಬನಿಗೆ ಆಗುವಷ್ಟು ಅನ್ನ ಮಾಡಿಕೊಂಡು, ಎದುರಿಗೆ ನೀರಿನ ಚರಿಗೆಗೆ ಮೊಬೈಲು ಒರಗಿಸಿ ಊಟಕ್ಕೆ ಕೂರುತ್ತಿದ್ದ. ಹಾಗೆ ಕೂತಾಗ ಒಂದು ದಿನ ಅದರಲ್ಲಿ ಟೋಪಿಯ ಮುದುಕನೊಬ್ಬ ಬಂದ.

ಅಮೆರಿಕದ ಯಾವುದೋ ಕೆರೆ, ತಳದ ಕಲ್ಲು ಕಾಣುವಷ್ಟು ತಿಳಿ ನೀರು. ಮುದುಕ ದೋಣಿಯಲ್ಲಿ ನಿಂತು ಬಾಸ್ ಎಂಬ ಮೀನಿಗೆ ಗಾಳ ಹಾಕುತ್ತಿದ್ದ. ಅವನ ಇಂಗ್ಲಿಷು ಪಾರಿಸಪ್ಪನಿಗೆ ನಾಲ್ಕಾಣೆ ತಿಳಿಯಿತು. ಆದರೆ ಕೈಯ ದಾರ ಒಮ್ಮೆ ಜಗ್ಗಿದೊಡನೆ ಮುದುಕನ ಮುಖ ಅರಳಿದ್ದು ಪೂರಾ ತಿಳಿಯಿತು. ಮೀನನ್ನು ಎತ್ತಿ, ಮಾತಾಡಿಸಿ, ಮತ್ತೆ ನೀರಿಗೆ ಬಿಟ್ಟ. ಪಾರಿಸಪ್ಪ ಅದನ್ನು ಹನ್ನೊಂದು ಸಲ ನೋಡಿದ. ಈ ಕಡೆ ತನ್ನ ಕೈ, ಆ ಕಡೆ ಒಂದು ಜೀವ, ನಡುವೆ ಒಂದು ಎಳೆ. ಆರು ವರ್ಷದಿಂದ ಅವನನ್ನು ಯಾರೂ ಯಾವ ಕಡೆಗೂ ಜಗ್ಗಿರಲಿಲ್ಲ. ಒಂದು ಸಲ ಜಗ್ಗಿದರೆ ಸಾಕು ಅನ್ನಿಸಿತು ಅವನಿಗೆ.

ಮುಂದಿನ ಮೂರು ವಾರ ಬರೀ ಆರಿಸುವುದರಲ್ಲೇ ಹೋಯಿತು. ತಿಳಿ ನೀರಿನ ಮೀನಿಗೆ ಕಣ್ಣು ಚುರುಕು. ಹೆಣೆದ ದಾರ ಗಟ್ಟಿ, ಆದರೆ ನೀರಲ್ಲಿ ಹಗ್ಗದಂತೆ ಕಾಣುತ್ತದೆ. ನೈಲಾನು ಹಿಗ್ಗುತ್ತದೆ, ಆ ಕಡೆ ಜಗ್ಗಿದ್ದು ಈ ಕಡೆಯ ಬೆರಳಿಗೆ ಪೂರ್ತಿ ಬರುವುದಿಲ್ಲ. ಮೂರನೆಯದೊಂದಿತ್ತು, ಹಿಗ್ಗುವುದು ಕಡಿಮೆ, ನೀರಿಗೆ ಬಿದ್ದರೆ ನೀರೇ ಆಗಿಬಿಡುವಂಥದು. ಅದರಲ್ಲೇ ಅತಿ ಸಣ್ಣ ಎಳೆಯನ್ನು ಆರಿಸಿದ. ಆಮೇಲೆ ಜಿಗ್ಗು. ಜಿಗ್ಗೆಂದರೆ ಒಂದು ಸಣ್ಣ ಸೀಸದ ಗುಂಡು, ಅದರಿಂದ ಹೊರಟ ಗಾಳ, ಸುತ್ತ ಲಂಗದಂತೆ ಇಳಿಬಿದ್ದ ಎಳೆಗಳು. ಪುಕ್ಕದ್ದು, ಕೂದಲಿನದು ಬೇಡವೆಂದ, ಯಾವ ಪ್ರಾಣಿಯದೋ ಏನೋ. ರಬ್ಬರಿನದು ಇರಲಿ ಎಂದ. ತಿಳಿ ನೀರಿಗೆ ಕಣ್ಣಿಗೆ ರಾಚುವ ಭಡಕು ಬಣ್ಣ ಆಗದು, ಆದ್ದರಿಂದ ಹೊಗೆಯ ಬಣ್ಣದ್ದು, ನಡುನಡುವೆ ಚೂರೇ ಮಿಂಚು, ತೂಕದಲ್ಲಿ ಎಲ್ಲಕ್ಕಿಂತ ಹಗುರ, ಅಂಥವು ಒಂದು ಜೋಡಿ.

ಗಾಳದ ತುದಿಗೆ ಹಿಮ್ಮುಖವಾಗಿ ಒಂದು ಮುಳ್ಳಿರುತ್ತದೆ. ಕಚ್ಚಿದ ಮೀನು ಬಿಡಿಸಿಕೊಳ್ಳಲಾಗದೆ ಒದ್ದಾಡುವುದು ಆ ಮುಳ್ಳಿನಿಂದ. ಪಾರಿಸಪ್ಪ ಹುಡುಕಿ ಹುಡುಕಿ ಮುಳ್ಳಿಲ್ಲದ್ದನ್ನು ತರಿಸಿದ್ದ. ಉಳಿದ ಮೊನೆಯನ್ನೂ ಸಾಣೆಕಲ್ಲಿಗೆ ತಿಕ್ಕಿ ಮೊಂಡು ಮಾಡುವುದೆಂದಿತ್ತು. ಮೀನು ಬರಬೇಕು, ಒಮ್ಮೆ ಜಗ್ಗಬೇಕು, ತನ್ನ ಪಾಡಿಗೆ ತಾನು ಹೋಗಬೇಕು. ಮಳೆಗಾಲದ ಕೆಂಪು ಇಳಿದು ಗಲಗಲಿಯ ಹತ್ತಿರ ಕೃಷ್ಣೆ ತಿಳಿಯಾಗಿದ್ದಳು. ದೀಪಾವಳಿಗೆಂದು ಅಂಗಡಿಗೆ ರಜೆ. ನಾಳೆ ಮೊದಲ ಬಸ್ಸಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಗಾಳ ಕಟ್ಟುವ ಮಡಚುವ ಕೋಲು ಹೋದ ವಾರವೇ ಬಂದಿತ್ತು. ಅದು ಜೇಡರ ಬಲೆ ತೆಗೆಯುವ ಕೋಲೆಂದು ರಾಜಮತಿಗೆ ಹೇಳಿ ಪಾರಾಗಿದ್ದ. ಆಕೆ ಛಲೋ ಆತು ಎಂದು ಹಬ್ಬದ ಸ್ವಚ್ಛತೆಗೆ ಒಯ್ದವಳು ಇನ್ನೂ ಮರಳಿ ಕೊಟ್ಟಿರಲಿಲ್ಲ.

ಈಗ ಆಕೆ ತೆರೆದ ಡಬ್ಬಿ ಹಿಡಿದು ಅವನ ಹೊಸ್ತಿಲಲ್ಲಿ ನಿಂತಿದ್ದಳು. ಬೆನ್ನಿಗೆ ಎದುರು ಮನೆಯ ಸಾವಿತ್ರೆವ್ವ.

"ಪಾರಿಸಪ್ಪ, ಇವೇನೋ?"

ಪಾರಿಸಪ್ಪನಲ್ಲಿ ಇನ್ನೊಂದು ಸುಳ್ಳು ಸಿದ್ಧವಿರಲಿಲ್ಲ. ಇದ್ದದ್ದೊಂದು ಕೋಲಿಗೆ ಖರ್ಚಾಗಿತ್ತು.

"ಝುಮಕಿ ಅಲ್ರೀ ಅಕ್ಕಾರ," ಎಂದಳು ಸಾವಿತ್ರೆವ್ವ, ಒಂದನ್ನು ಎತ್ತಿ ಬೆಳಕಿಗೆ ಹಿಡಿದು. "ಈಗ ಮುಂಬಯಿ ಕಡೆ ಇಂಥಾವ ನಡದಾವ. ಕೊಂಡಿ ನೋಡ್ರಿ, ಎಷ್ಟ ನುಣ್ಣಗ ಐತಿ. ಕಿವಿ ಹರಿಯೂ ಹಂಗಿಲ್ಲ."

"ಹೌದೇನೋ?"

"ಹೌದ್ರಿ," ಎಂದ ಪಾರಿಸಪ್ಪ.

"ಯಾರಿಗೆ?"

ರಾಜಮತಿ ಅವನ ಮುಖವನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ಆಕೆಯ ಕಣ್ಣು ದೊಡ್ಡದಾಯಿತು.

"ಇವತ್ತಿನ ದಿನಾನ ಬಂದಾವ ಅಂದ್ರ... ಹಿಂದಿನ ಓಣಿ ಕ್ಷಮಾಗೇನು?"

ಆ ಹೊತ್ತಿನಲ್ಲಿ ಊರ ಅಗಸಿ ಬಾಗಿಲಿಗೇನು ಎಂದು ಕೇಳಿದ್ದರೂ ಅವನು ಹೌದೆನ್ನುತ್ತಿದ್ದ. ತಲೆಯಾಡಿಸಿದ. ರಾಜಮತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಆಕಿಗೂ ಯಾರೂ ಇಲ್ಲ, ನಿನಗೂ ಯಾರೂ ಇಲ್ಲ. ಇಡೀ ಓಣಿಗೆ ಹೊಳೀಲಾರದ್ದು ನಿನಗ ಹೊಳೀತು ನೋಡು. ನೀ ಏನೂ ಚಿಂತಿ ಮಾಡಬ್ಯಾಡ, ನಾ ಕೊಟ್ಟು ಬರ್ತೇನಿ. ಈ ದಾರ ಯಾತಕ್ಕ?"

"ಅದು... ಏನರ ಕಟ್ಟಾಕ್ರಿ."

"ಛಲೋ ಆತು. ನಮ್ಮ ಆಕಾಶಬುಟ್ಟಿ ಹಗ್ಗ ಹರದೈತಿ," ಎಂದು ಆಕೆ ದಾರದ ಉರುಳೆಯನ್ನೂ ಬಗಲಿಗಿಟ್ಟುಕೊಂಡು ಹೋದಳು. ಮೂರು ವಾರದ ಆಯ್ಕೆ ಮೂರು ನಿಮಿಷದಲ್ಲಿ ಓಣಿ ದಾಟಿತು.

ಮೊದಲು ಪಾರಿಸಪ್ಪ ಓಡಿಹೋಗಿ ನಿಜ ಹೇಳಬೇಕೆಂದು ಚಪ್ಪಲಿ ಮೆಟ್ಟಿದ. ಏನಂತ ಹೇಳುವುದು? ಅವು ಝುಮಕಿಯಲ್ಲ, ಮೀನಿನ ಗಾಳ ಎಂದೇ? ಚಪ್ಪಲಿ ಬಿಟ್ಟ.

ಆಮೇಲೆ ಕ್ಷಮಾಳ ನೆನಪಾಯಿತು. ನಲವತ್ತರ ಹೆಂಗಸು, ತಾಯಿ ಹೋದ ಮೇಲೆ ಒಬ್ಬಳೇ. ಸೀರೆಗೆ ಫಾಲ್ ಹಚ್ಚಿಕೊಂಡು, ಜಂಪರು ಹೊಲಿದುಕೊಂಡು ಇರುತ್ತಿದ್ದಳು. ಆಕೆಯ ಮಶೀನಿನ ಸದ್ದು ಅವನ ಹಿತ್ತಿಲ ಗೋಡೆಗೆ ಬರುತ್ತಿತ್ತು. ಅದು ನಿಂತಾಗ ಆಕೆ ಉಣ್ಣಲು ಎದ್ದಳೆಂದು ತಿಳಿದು ಅವನೂ ಅನ್ನಕ್ಕಿಡುತ್ತಿದ್ದ. ಇದು ಯಾವಾಗಿನಿಂದ ನಡೆದಿತ್ತೆಂದು ಅವನಿಗೇ ಗೊತ್ತಿರಲಿಲ್ಲ.

ಹನ್ನೆರಡಕ್ಕೆ ರಾಜಮತಿ ಬಾಗಿಲಲ್ಲಿ ಮುಖ ಹಾಕಿದಳು. ಆಕೆಯ ಮನೆಯಿಂದ ಹೂರಣದ ವಾಸನೆ ಬರುತ್ತಿತ್ತು. ಹುನ್ನೂರಿನಿಂದ ಆಕೆಯ ತಮ್ಮಂದಿರು ಬರುವವರಿದ್ದರು.

"ಕಣ್ಣಾಗ ನೀರ ತಗದಳಪಾ ಹುಡುಗಿ. ಐದಕ್ಕ ಬರಾಕ ಹೇಳ್ಯಾಳ. ಛಲೋ ಅಂಗಿ ಹಾಕ್ಕೊಂಡು ಹೋಗು. ತಲೀಗೆ ಟೋಪಿ ಇರಲಿ."

ಟೋಪಿ ಯಾಕೆಂದು ಅವನಿಗೆ ತಿಳಿಯಲಿಲ್ಲ. ಹಿರಿಯರ ಎದುರು ಮಾತುಕತೆಯೆಂದರೆ ಟೋಪಿ ಇರಬೇಕೇನೋ ಅಂದುಕೊಂಡ. ಮಾತುಕತೆ ಎಂಬ ಶಬ್ದ ಮನಸ್ಸಿನಲ್ಲಿ ಬಂದಮೇಲೆ ಅವನು ಸುಮ್ಮನೆ ಕೂರಲಾಗಲಿಲ್ಲ. ಕ್ಷೌರಕ್ಕೆ ಹೋದ. ಕ್ಷೌರದ ಪರಸಪ್ಪನಿಗೆ ಆಗಲೇ ಎಲ್ಲ ಗೊತ್ತಿತ್ತು.

"ಕ್ಷಮಾಬಾಯಿ ಮನಿಗಂತಲ್ರೀ. ಪುಣ್ಯಾದ ಕೆಲಸ ಮಾಡಾಕತ್ತೀರಿ ನೋಡ್ರಿ. ಮೀಸಿ ಒಂದೀಟ ಸಣ್ಣ ಮಾಡಲೇನ್ರಿ?"

"ಮಾಡು," ಎಂದ ಪಾರಿಸಪ್ಪ. ಪುಣ್ಯವೆಲ್ಲಿಂದ ಬಂತು ಎಂದು ಕೇಳುವ ಮನಸ್ಸಾಗಲಿಲ್ಲ. ಕನ್ನಡಿಯಲ್ಲಿ ತನ್ನ ಮುಖವೇ ಎರಡು ವರ್ಷ ಹಿಂದೆ ಹೋದಂತಿತ್ತು.

ಸಾವಿತ್ರೆವ್ವ ಅಂಗಿಗೆ ಇಸ್ತ್ರಿ ಮಾಡಿಕೊಟ್ಟಳು. ಮಧ್ಯಾಹ್ನವೆಲ್ಲ ಅವನು ಮನೆಯಲ್ಲಿ ಎರಡು ತಾಟು ಎಲ್ಲಿಡುವುದೆಂದು ನೋಡುತ್ತ ತಿರುಗಾಡಿದ. ನಿಜವನ್ನು ಇವತ್ತೇ ಹೇಳುವುದು ಬೇಡ, ಮದುವೆಯಾದ ಮೇಲೆ ಗಲಗಲಿಗೆ ಕರೆದೊಯ್ದು ಹೊಳೆಯ ದಂಡೆಯಲ್ಲಿ ಕೂರಿಸಿ ಹೇಳಬೇಕು. ಆಕೆ ನಕ್ಕರೂ ನಗಬಹುದು. ಆಕೆಯ ನಗು ಹೇಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಆ ಗೊತ್ತಿಲ್ಲದ ನಗುವನ್ನು ನೆನೆದು ತಾನೇ ನಕ್ಕ.

ಐದು ಗಂಟೆಗೆ ಕಾಲು ಕಿಲೋ ಪೇಢೆ ಹಿಡಿದು ಹೋದ. ಅಂಗಳದಲ್ಲಿ ರಂಗೋಲಿ ಇತ್ತು. ಒಳಗಿನಿಂದ ಕ್ಷಮಾ ಬಂದಳು.

ಕಿವಿಯಲ್ಲಿ ಅವೇ ಇದ್ದವು. ಖರೆ ಹೇಳಬೇಕೆಂದರೆ ಒಪ್ಪಿದ್ದವು. ಆಕೆ ತಲೆ ಆಡಿಸಿದಾಗ ಹೊಗೆಬಣ್ಣದ ಎಳೆಗಳು ಅಲುಗಿ, ನಡುವೆ ಚೂರೇ ಮಿಂಚಿತು. ತಿಳಿ ನೀರಿನಲ್ಲಿ ಯಾವ ಬಣ್ಣಕ್ಕೆ ಮೀನು ಮೋಸ ಹೋಗುತ್ತದೆಂದು ಮೂರು ವಾರ ಓದಿದವನು ಅದೇ ಬಣ್ಣದ ಎದುರು ಬಾಯಿ ತೆರೆದು ನಿಂತ.

"ಹತ್ತ ವರ್ಷ ಆತ್ರಿ," ಎಂದಳು ಆಕೆ, "ನನಗಂತ ಯಾರೂ ಏನೂ ತಂದಿರಲಿಲ್ಲ."

"ಹಗರ ಅದಾವಲ್ರಿ?"

"ಹಾಕ್ಕೊಂಡದ್ದ ಗೊತ್ತಾಗವಲ್ದು."

"ಅದಕ್ಕ ಆರಿಸೇನ್ರಿ," ಎಂದ ಅವನು. ಇಡೀ ದಿನದಲ್ಲಿ ಅವನು ಆಡಿದ ಖರೆ ಮಾತು ಅದೊಂದೇ.

ಕ್ಷಮಾ ನಕ್ಕಳು. ಆ ನಗು ಅವನು ಮಧ್ಯಾಹ್ನ ನೆನೆದದ್ದಕ್ಕಿಂತ ಚೆನ್ನಾಗಿತ್ತು. "ಟೋಪಿ ಹಾಕ್ಕೋರಿ. ಈ ಮಣಿ ಮ್ಯಾಲೆ ಕೂಡ್ರಿ," ಎಂದಳು. ಅವನು ಕೂತ. ಆಕೆ ಒಳಗಿನಿಂದ ತಾಟು ತಂದಳು. ಹಣೆಗೆ ಕುಂಕುಮ ಹಚ್ಚಿದಳು. ಎರಡು ದೀಪ ಹಚ್ಚಿ ಮೂರು ಸಲ ಬೆಳಗಿದಳು. ಬಗ್ಗಿ ಅವನ ಕಾಲು ಮುಟ್ಟಿದಳು.

"ಆಶೀರ್ವಾದ ಮಾಡೋ ಅಣ್ಣಾ," ಎಂದಳು.

ನಿನ್ನೆ ಪಾಡ್ಯ. ಇವತ್ತು ಬಿದಿಗೆ. ಊರಿನಲ್ಲಿ ಇರುವ ಅಕ್ಕತಂಗಿಯರೆಲ್ಲ ತಮ್ಮ ಅಣ್ಣತಮ್ಮಂದಿರಿಗೆ ಆರತಿ ಎತ್ತಿ, ಅವರು ತಂದ ಉಡುಗೊರೆ ತೆಗೆದುಕೊಳ್ಳುವ ಭಾವಬೀಜ. ಪಾರಿಸಪ್ಪನಿಗೆ ಒಡಹುಟ್ಟಿದವರಿರಲಿಲ್ಲ. ಆ ದಿನ ಅವನ ಮನೆಗೆ ಯಾವತ್ತೂ ಬಂದದ್ದಿಲ್ಲ, ಅವನೂ ಅದನ್ನು ವಿಚಾರಿಸಿದ್ದಿಲ್ಲ.

ಬಾಗಿಲಲ್ಲಿ ರಾಜಮತಿ, ಸಾವಿತ್ರೆವ್ವ, ಇನ್ನೂ ನಾಲ್ಕು ಮಂದಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು.

"ಹದಿನೈದು ದಿನಕ್ಕ ಈಕಿ ಲಗ್ನ ಐತಿ," ಎಂದಳು ರಾಜಮತಿ. "ವರ ಮುಧೋಳದಾಗ ಬಟ್ಟಿ-ಅರಿವಿ ಅಂಗಡಿ ಪ್ರೇಮಕುಮಾರ ಅಂತ. ಲಗ್ನದಾಗ ಕೈಯಾಗ ಅರಳು ಹಾಕಾಕ ಅಣ್ಣ ಇಲ್ಲಂತ ಹುಡುಗಿ ದಿನಾ ಅಳಾಕತ್ತಿತ್ತು. ನಾವು ಯಾರಿಗೂ ಹೇಳಿರಲಿಲ್ಲ. ನಿನಗ ಹೆಂಗ ತಿಳೀತೋ ಪಾರಿಸಪ್ಪ?"

ಪಾರಿಸಪ್ಪನಿಗೆ ಏನೂ ತಿಳಿದಿರಲಿಲ್ಲ. ಎದೆಯಲ್ಲಿ ಏನೋ ಮುಳುಗಿ ತಳ ಮುಟ್ಟಿತು. ಕ್ಷಮಾ ಇನ್ನೂ ಬಗ್ಗಿಯೇ ಇದ್ದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟು, ಕಿವಿಯ ಎಳೆಗಳು ಸಿಕ್ಕಿಕೊಳ್ಳದಂತೆ ಸರಿಸಿ, "ಸುಖದಿಂದ ಇರವಾ," ಎಂದ. ಪೇಢೆಯನ್ನು ಎಲ್ಲರಿಗೂ ತಾನೇ ಹಂಚಿದ.

ಮರಳಿ ಬರುವಾಗ ಹಿಂದಿನ ಓಣಿಯಲ್ಲಿ ಒಮ್ಮೆ ನಿಂತ. ಇನ್ನು ಹದಿನೈದು ದಿನಕ್ಕೆ ಆ ಮಶೀನಿನ ಸದ್ದೂ ಮುಧೋಳಕ್ಕೆ ಹೋಗುತ್ತದೆ, ಕಳಿಸಿಕೊಡುವವನೂ ತಾನೇ. ಮುಳ್ಳಿಲ್ಲದ್ದೇ ಬೇಕೆಂದು ಹುಡುಕಿ ತರಿಸಿದವನು ಯಾರನ್ನು ದೂರಬೇಕು?

ಸಂಜೆಗತ್ತಲಾಗಿತ್ತು. ಅವನ ಕೋಲನ್ನು ರಾಜಮತಿ ತನ್ನ ಮಾಳಿಗೆಯ ಅಂಚಿಗೆ ಬಿಗಿದಿದ್ದಳು. ಅವನ ದಾರವನ್ನು ಆ ಕೋಲಿನ ಉಂಗುರಗಳಲ್ಲಿ ಹಾಯಿಸಿ ಆಕಾಶಬುಟ್ಟಿ ಏರಿಸಿದ್ದಳು. ಇನ್ನೊಂದು ತುದಿ ಕಟ್ಟಲು ತನ್ನ ಗೋಡೆಯಲ್ಲಿ ಮೊಳೆಯಿಲ್ಲವೆಂದು ಪಕ್ಕದ ಅವನ ಮನೆಯ ಕಿಟಕಿಯ ಸರಳಿಗೇ ತಂದು ಕಟ್ಟಿದ್ದಳು. ದಾರ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಬುಟ್ಟಿ ತಾನಾಗಿಯೇ ಗಾಳಿಯಲ್ಲಿ ನಿಂತಂತಿತ್ತು. ಆಯ್ಕೆ ಮಾತ್ರ ತಪ್ಪಿರಲಿಲ್ಲ.

ದಾರವನ್ನಾದರೂ ಇಳಿಸಿಕೊಳ್ಳೋಣವೆಂದು ಪಾರಿಸಪ್ಪ ಸರಳಿನ ಗಂಟು ಬಿಚ್ಚಿ ಬೆರಳಿಗೆ ಸುತ್ತಿಕೊಂಡ. ಆಗ ಗಾಳಿ ಬೀಸಿತು. ಆ ಕಡೆಯಿಂದ ಜಗ್ಗಿತು. ಸಡಿಲವಾಗಿ, ಮತ್ತೆ ಬಲವಾಗಿ ಜಗ್ಗಿತು. ಟೋಪಿಯ ಮುದುಕನಿಗೆ ಜಗ್ಗಿದಂತೆಯೇ, ಒಂದಿಷ್ಟೂ ಕಡಿಮೆಯಾಗದೆ ಪೂರ್ತಿ ಬೆರಳಿಗೆ ಬಂತು. ಅವನ ಕಣ್ಣು ತುಂಬಿತು.

"ಪಾರಿಸಪ್ಪ, ಯಾಕ ಜಗ್ಗಾಕತ್ತೀ? ದೀಪ ಆರತೈತಿ," ಎಂದು ಮಾಳಿಗೆಯಿಂದ ರಾಜಮತಿ ಕೂಗಿದಳು.

"ನಾ ಅಲ್ರಿ ಅಕ್ಕಾರ. ಆ ಕಡಿಂದ ಜಗ್ಗಾಕತ್ತೈತಿ."

"ಹಂಗಾರ ಬಿಡಬ್ಯಾಡ. ನಮ್ಮ ತಮ್ಮಗೋಳು ಬರೂತನ ಹಿಡಕೊಂಡ ನಿಂದ್ರು."

ಹುನ್ನೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಪಾರಿಸಪ್ಪ ಹಿಡಿದುಕೊಂಡು ನಿಂತ.